ರೆಸ್ಟೋರೆಂಟ್ ಫ್ರಾಂಚೈಸಿ ಕರಾರಿನ ಸಿದ್ಧ ಮಾದರಿ: ಅದರ ಗೋಪ್ಯತಾ ಅಧ್ಯಾಯದ ವಿಮರ್ಶೆ

ಕಾನೂನು ದಾಖಲೆಗಳ ಸಿದ್ಧ ಮಾದರಿಗಳನ್ನು ಮಾರುವ ಸೇವೆಯೊಂದರಿಂದ ಕೊಂಡ ರೆಸ್ಟೋರೆಂಟ್ ಫ್ರಾಂಚೈಸಿ ಕರಾರನ್ನು ಓದಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನನ್ನ ಉದ್ದೇಶ ಮಾರುವವರನ್ನು ದೂಷಿಸುವುದಲ್ಲ; ಕರಾರಿನ ಒಂದೇ ಒಂದು ಅಧ್ಯಾಯ ತನ್ನ ಕೆಲಸವನ್ನು ಮಾಡುತ್ತದೆಯೇ ಎಂದು ಪರಿಶೀಲಿಸುವುದು. ಆ ಅಧ್ಯಾಯ ಗೋಪ್ಯತೆಯದು. ಪ್ರವೇಶ ಶುಲ್ಕ, ರಾಯಲ್ಟಿ, ಪ್ರದೇಶದ ಹಕ್ಕು, ಕರಾರಿನ ಅವಧಿ, ಇವುಗಳನ್ನು ಎರಡೂ ಕಡೆಯವರು ಕುಳಿತು ಚರ್ಚಿಸುತ್ತಾರೆ. ಗೋಪ್ಯತೆಯ ಪುಟಗಳು ಬಂದಾಗ ಮಾತ್ರ ಎಲ್ಲ ಕರಾರುಗಳಲ್ಲೂ ಇರುವುದೇ ಇದು ಎಂದು ಸಹಿ ಹಾಕಿ ಮುಂದೆ ಹೋಗುತ್ತಾರೆ. ಕರಾರು ಮುಗಿದ ಮೇಲೂ ಜೀವಂತವಾಗಿ ಉಳಿಯುವ ಕೆಲವೇ ಅಧ್ಯಾಯಗಳಲ್ಲಿ ಇದೂ ಒಂದು ಎಂಬುದು ಆಗ ಯಾರ ಗಮನಕ್ಕೂ ಬರುವುದಿಲ್ಲ.

ಇದು ಏಕೆ ಮುಖ್ಯವೆಂದರೆ, ಫ್ರಾಂಚೈಸಿ ಎಂಬ ವ್ಯವಹಾರದಲ್ಲಿ ಕೈ ಬದಲಾಗುವುದು ಎರಡೇ ವಸ್ತು: ಹೆಸರು ಮತ್ತು ಕೆಲಸದ ವಿಧಾನ. ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿಯ ರಕ್ಷಣೆ ಇದೆ. ಅದು ಎಲ್ಲರ ಕಣ್ಣೆದುರೇ ಇದ್ದು ರಕ್ಷಣೆ ಪಡೆಯುತ್ತದೆ. ಕೆಲಸದ ವಿಧಾನಕ್ಕೆ ಅಂಥ ನೋಂದಣಿ ಇಲ್ಲ. ಅದು ಗುಟ್ಟಾಗಿರುವಷ್ಟು ದಿನ ಮಾತ್ರ ಆಸ್ತಿ. ಆದರೆ ಆ ಗುಟ್ಟಿನಿಂದ ಹಣ ಬರಬೇಕಾದರೆ ಬ್ರ್ಯಾಂಡ್ ಮಾಲೀಕರು ಅದನ್ನು ಹತ್ತಾರು ಅಪರಿಚಿತರ ಕೈಗೆ ಕೊಡಲೇಬೇಕು. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದದ (ವಿಶ್ವ ವ್ಯಾಪಾರ ಸಂಘಟನೆಯ ಬೌದ್ಧಿಕ ಆಸ್ತಿ ಒಪ್ಪಂದ) 39ನೇ ವಿಧಿ ರಕ್ಷಣೆಗೆ ಮೂರು ಪರೀಕ್ಷೆಗಳನ್ನು ಇಟ್ಟಿದೆ: ಮಾಹಿತಿ ಗುಟ್ಟಾಗಿರಬೇಕು, ಗುಟ್ಟಾಗಿರುವ ಕಾರಣಕ್ಕೇ ಅದಕ್ಕೆ ವಾಣಿಜ್ಯ ಮೌಲ್ಯವಿರಬೇಕು, ಮತ್ತು ಅದನ್ನು ಗುಟ್ಟಾಗಿಡಲು ಅದರ ಒಡೆಯರು ಸಮಂಜಸವಾದ ಕ್ರಮಗಳನ್ನು ಕೈಗೊಂಡಿರಬೇಕು. ಅಂದರೆ ಈ ಅಧ್ಯಾಯ ಬರಿಯ ಬೆದರಿಕೆಯ ಮಾತಲ್ಲ. ಮೂರನೆಯ ಪರೀಕ್ಷೆಯಲ್ಲಿ ನ್ಯಾಯಾಲಯದ ಮುಂದೆ ಇಡಬೇಕಾದ ಮೊದಲ ಸಾಕ್ಷ್ಯವೇ ಇದು. ಈ ದೃಷ್ಟಿಯಿಂದ ನೋಡಿದಾಗ ನನ್ನ ಕೈಯಲ್ಲಿರುವ ಮಾದರಿ ನಿರಾಶೆ ತರುತ್ತದೆ. ಅದು ಎಲ್ಲವನ್ನೂ ಮುಚ್ಚಲು ಹೋಗಿ, ನಿಜವಾಗಿ ಮುಚ್ಚಬೇಕಾದದ್ದನ್ನು ಕೈಬಿಟ್ಟಿದೆ.

ವ್ಯಾಖ್ಯೆಯಿಂದಲೇ ತೊಂದರೆ ಶುರುವಾಗುತ್ತದೆ. ಮಾಲೀಕರು ಫ್ರಾಂಚೈಸಿದಾರರಿಗೆ, ಅಂದರೆ ಆ ಹೆಸರು ಮತ್ತು ವಿಧಾನವನ್ನು ಪಡೆದು ಮಳಿಗೆ ನಡೆಸುವವರಿಗೆ, ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ತಿಳಿಸಿದ, ಗೋಪ್ಯವೆಂದು ಗುರುತು ಹಾಕಿದ ಅಥವಾ ಹಾಕದ, ವ್ಯವಹಾರಕ್ಕೆ ಯಾವುದೇ ರೀತಿಯಲ್ಲಿ ಸಂಬಂಧಿಸಿದ ಸಕಲ ಮಾಹಿತಿಯೂ ಗೋಪ್ಯ ಎನ್ನುತ್ತದೆ ಮಾದರಿ. ಓದಲು ಬಹಳ ಬಲಶಾಲಿಯಾದ ವಾಕ್ಯ. ಆದರೆ ಹೀಗೆ ಬರೆದರೆ ಅಂಗಡಿಯ ಬಾಗಿಲು ತೆರೆಯುವ ಸಮಯದಿಂದ ಹಿಡಿದು ಅಡುಗೆಯ ಅಳತೆಯವರೆಗೆ ಎಲ್ಲಕ್ಕೂ ಒಂದೇ ತೂಕ ಬರುತ್ತದೆ; ಯಾವುದನ್ನು ಜೋಪಾನ ಮಾಡಬೇಕು ಎಂಬುದು ಫ್ರಾಂಚೈಸಿದಾರರಿಗೂ ತಿಳಿಯುವುದಿಲ್ಲ, ವ್ಯಾಜ್ಯ ಬಂದಾಗ ನ್ಯಾಯಾಧೀಶರಿಗೂ ತಿಳಿಯುವುದಿಲ್ಲ. ಐರೋಪ್ಯ ಒಕ್ಕೂಟದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಲ್ಲಿನ 2022/720ರ ನಿಯಮಾವಳಿಯ ಪ್ರಕಾರ ರಕ್ಷಣೆಗೆ ಅರ್ಹವಾದ ಕಾರ್ಯಜ್ಞಾನ (ಕೆಲಸದ ವಿಧಾನದ ತಿಳಿವಳಿಕೆ) ಗುಟ್ಟಾಗಿರಬೇಕು, ಪಡೆಯುವವರಿಗೆ ಗಣನೀಯವಾಗಿ ಉಪಯೋಗಕ್ಕೆ ಬರುವಂತಿರಬೇಕು, ಮತ್ತು ಇಂಥದ್ದು ಎಂದು ಗುರುತಿಸಿ ವಿವರಿಸಿರಬೇಕು. ಮೂರನೆಯ ಮಾತು ನನಗೆ ಅತ್ಯಂತ ಮುಖ್ಯವಾಗಿ ತೋರುತ್ತದೆ. ಗುರುತಿಸದ ಗುಟ್ಟನ್ನು ಕಾಪಾಡಿ ಎಂದು ಯಾರನ್ನಾದರೂ ಕೇಳುವುದು ಹೇಗೆ?

ಪಾಕವಿಧಾನವೆಲ್ಲ ತಾನಾಗಿಯೇ ವ್ಯಾಪಾರ ರಹಸ್ಯವಾಗುತ್ತದೆ ಎಂಬ ನಂಬಿಕೆ ಈ ಮಾದರಿಯನ್ನು ಬರೆದವರಲ್ಲಿ ಇದ್ದಂತಿದೆ. ಅಮೆರಿಕದ ಒಂಬತ್ತನೇ ಸರ್ಕಿಟ್ (ವಲಯ) ಮೇಲ್ಮನವಿ ನ್ಯಾಯಾಲಯದ ಮುಂದೆ 1996ರಲ್ಲಿ ಬಫೆಟ್ಸ್ ಎಂಬ ರೆಸ್ಟೋರೆಂಟ್ ಸಂಸ್ಥೆಯ ಮೊಕದ್ದಮೆ ಬಂದಾಗ ಆ ನಂಬಿಕೆ ನಿಲ್ಲಲಿಲ್ಲ. ಆ ಪಾಕಗಳು ಎಲ್ಲೆಡೆ ಮಾಡುವ ಸಾಮಾನ್ಯ ತಿನಿಸುಗಳವು, ಅವುಗಳನ್ನು ಕಂಡುಕೊಳ್ಳಲು ಹೆಚ್ಚಿನ ಶ್ರಮ ಬೇಕಿಲ್ಲ ಎಂಬ ಕಾರಣಕ್ಕೆ ಅವು ವ್ಯಾಪಾರ ರಹಸ್ಯವಲ್ಲ ಎಂದು ತೀರ್ಪು ಬಂತು. ಸಿಬ್ಬಂದಿ ಮನೆಗೆ ಕೊಂಡೊಯ್ಯಬಹುದಾಗಿದ್ದ ಕೆಲಸದ ಕೈಪಿಡಿಗಳಿಗೂ ರಕ್ಷಣೆ ಸಿಗಲಿಲ್ಲ. ಇದಕ್ಕೆ ಎದುರಾಗಿ 1984ರಲ್ಲಿ ಮ್ಯಾಸಚೂಸೆಟ್ಸ್‌ನ ಮೇಲ್ಮನವಿ ನ್ಯಾಯಾಲಯ ಪೆಗ್ಗಿ ಲಾಟನ್ ಕಿಚನ್ಸ್ ಎಂಬ ಸಂಸ್ಥೆಯ ಬಿಸ್ಕತ್ತಿನ ಪಾಕವನ್ನು ರಹಸ್ಯವೆಂದು ಒಪ್ಪಿತು. ಅದರಲ್ಲಿದ್ದ ಬೇರೆ ಸಾಮಗ್ರಿಗಳು ಎಲ್ಲರಿಗೂ ಗೊತ್ತಿರುವಂಥವೇ. ಆದರೆ ರುಚಿಯ ವ್ಯತ್ಯಾಸ ಬಂದದ್ದು ಅಕ್ರೋಟಿನ ಪುಡಿಯಿಂದ. ಮೂಲ ಪಾಕವನ್ನು ಬೀಗದೊಳಗೆ ಇಟ್ಟು, ಕೆಲಸಕ್ಕೆ ಬೇಕಾದ ವಿವರವನ್ನು ಬೇರೆಬೇರೆ ಕಾರ್ಡುಗಳಲ್ಲಿ ಹಂಚಿ ಬರೆದಿಡಲಾಗಿತ್ತು. ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಗೆದ್ದವರು ತಮ್ಮ ಗುಟ್ಟು ಯಾವುದೆಂದು ಬೊಟ್ಟು ಮಾಡಿ ತೋರಿಸಬಲ್ಲವರಾಗಿದ್ದರು ಎಂಬುದು ಗೊತ್ತಾಗುತ್ತದೆ. ನಮ್ಮ ಮಾದರಿಯಲ್ಲಿ ಹಾಗೆ ಬೊಟ್ಟು ಮಾಡಲು ಒಂದು ಅನುಬಂಧವೂ ಇಲ್ಲ, ಖಾಲಿ ಪಟ್ಟಿಯೂ ಇಲ್ಲ.

ರೆಸ್ಟೋರೆಂಟಿನಲ್ಲಿ ನಿಜಕ್ಕೂ ಗುಟ್ಟಾಗಿರುವುದು ಏನು ಎಂದು ಬರೆಯುವವರು ಒಮ್ಮೆ ಯೋಚಿಸಿದ್ದರೆ ಈ ಅಧ್ಯಾಯ ಬೇರೆ ರೂಪ ಪಡೆಯುತ್ತಿತ್ತು. ತಟ್ಟೆಯಲ್ಲಿ ಬಡಿಸಿದ ತಿನಿಸು ಗುಟ್ಟಲ್ಲ. ಅದನ್ನು ಕೊಂಡು ತಿಂದು, ಬಿಡಿಸಿ ನೋಡಿ, ಮನೆಯಲ್ಲಿ ಮಾಡಲು ಪ್ರಯತ್ನಿಸುವ ಸ್ವಾತಂತ್ರ್ಯ ಯಾರಿಗಾದರೂ ಇದೆ. ಕೊಂಡ ವಸ್ತುವನ್ನು ಹೀಗೆ ಬಿಡಿಸಿ ಅಧ್ಯಯನ ಮಾಡುವುದು ನ್ಯಾಯಸಮ್ಮತ ಎಂದು ವ್ಯಾಪಾರ ರಹಸ್ಯಗಳ ಬಗೆಗಿನ 2016/943ರ ಐರೋಪ್ಯ ನಿರ್ದೇಶನವೇ ಹೇಳುತ್ತದೆ. ಗುಟ್ಟು ಇರುವುದು ಅಳತೆಯ ಅನುಪಾತದಲ್ಲಿ, ಕಾಯಿಸುವ ಉಷ್ಣಾಂಶ ಮತ್ತು ಹೊತ್ತಿನಲ್ಲಿ, ಮುಂಚಿತವಾಗಿ ಸಿದ್ಧ ಮಾಡಿಟ್ಟುಕೊಳ್ಳುವ ಕ್ರಮದಲ್ಲಿ. ಅದಕ್ಕಿಂತ ಹೆಚ್ಚಾಗಿ ಅಡುಗೆಮನೆಯ ಹೊರಗೆ, ಪೂರೈಕೆದಾರರು ಕೊಡುವ ದರದಲ್ಲಿ, ಜಾಗ ಆರಿಸುವ ಲೆಕ್ಕಾಚಾರದಲ್ಲಿ, ಯಾವ ಹೊತ್ತಿಗೆ ಎಷ್ಟು ಜನ ಕೆಲಸಕ್ಕಿರಬೇಕು ಎಂಬ ಪಟ್ಟಿಯಲ್ಲಿ, ಮುಂದಿನ ತಿಂಗಳುಗಳ ರಿಯಾಯಿತಿ ಯೋಜನೆಯಲ್ಲಿ. ಅನೇಕ ಸರಣಿಗಳು ಮಿಶ್ರಣವನ್ನು ಒಂದೇ ಕಡೆ ತಯಾರಿಸಿ ಪೊಟ್ಟಣದಲ್ಲಿ ಕಳುಹಿಸುತ್ತವೆ. ಆಗ ಫ್ರಾಂಚೈಸಿದಾರರ ಕೈಗೆ ಮಿಶ್ರಣ ಬರುತ್ತದೆಯೇ ಹೊರತು ಅದರ ಪಾಕ ಬರುವುದಿಲ್ಲ. ಯಾವ ಗೋಪ್ಯತಾ ಷರತ್ತಿಗಿಂತಲೂ ಇದು ಗಟ್ಟಿಯಾದ ರಕ್ಷಣೆ. ಇಂಥ ವ್ಯವಸ್ಥೆಯಿದ್ದರೆ ಷರತ್ತನ್ನು ಹೇಗೆ ಹೊಂದಿಸಬೇಕು ಎಂಬ ಪರ್ಯಾಯ ವಾಕ್ಯ ಮಾದರಿಯಲ್ಲಿ ಇರಬೇಕಿತ್ತು, ಆದರೆ ಇಲ್ಲ.

ಕೈಪಿಡಿಯ ಬಗೆಗಿನ ಕಲಮುಗಳು ತಕ್ಕಮಟ್ಟಿಗೆ ಚೆನ್ನಾಗಿವೆ. ಕೈಪಿಡಿ ಮಾಲೀಕರ ಸ್ವತ್ತಾಗಿಯೇ ಉಳಿಯುತ್ತದೆ, ಬಳಕೆಗಾಗಿ ಮಾತ್ರ ಕೊಡಲಾಗಿದೆ, ಪ್ರತಿಗೆ ಕ್ರಮಸಂಖ್ಯೆ ಇರುತ್ತದೆ, ಕರಾರು ಮುಗಿದಾಗ ಹಿಂದಿರುಗಿಸಬೇಕು; ಇದೆಲ್ಲ ಅಚ್ಚುಕಟ್ಟಾಗಿದೆ. ಆದರೆ ಬರೆದವರ ಕಣ್ಣಮುಂದೆ ಇದ್ದದ್ದು ಕಾಗದದ ಪುಸ್ತಕ. ಇಂದು ಕೈಪಿಡಿ ಲಾಗಿನ್ ಇರುವ ಜಾಲತಾಣದಲ್ಲಿ, ಟ್ಯಾಬ್ಲೆಟ್‌ನಲ್ಲಿ, ತರಬೇತಿಯ ವಿಡಿಯೋಗಳಲ್ಲಿ, ಅಡುಗೆಮನೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ, ಮತ್ತು ಆ ಹಾಳೆಯ ಫೋಟೋ ತೆಗೆದುಕೊಂಡ ಮೊಬೈಲ್‌ಗಳಲ್ಲಿ ಇರುತ್ತದೆ. ಹಿಂದಿರುಗಿಸುವುದು ಎಂಬ ಮಾತಿಗೆ ಇಲ್ಲಿ ಅರ್ಥವೇ ಉಳಿದಿಲ್ಲ. ಖಾತೆಗಳನ್ನು ಯಾವ ದಿನ ಮುಚ್ಚಬೇಕು, ಪ್ರತಿಗಳನ್ನು ಅಳಿಸಿದ್ದೇವೆಂದು ಯಾರು ಬರೆದುಕೊಡಬೇಕು, ತೆರಿಗೆ ಲೆಕ್ಕಕ್ಕಾಗಿ ಕಾನೂನು ಪ್ರಕಾರ ಇಟ್ಟುಕೊಳ್ಳಲೇಬೇಕಾದ ದಾಖಲೆಗಳ ಗತಿಯೇನು ಎಂಬುದನ್ನು ಸೇರಿಸದೆ ಈ ಭಾಗವನ್ನು ಬಳಸಬಾರದು.

ಸಿಬ್ಬಂದಿಯ ವಿಷಯದಲ್ಲಿ ಮಾದರಿ ಕಠಿಣವಾಗಿದೆ, ಆದರೆ ವಿವೇಕವಿಲ್ಲದ ಕಾಠಿಣ್ಯ ಅದು. ಪಾತ್ರೆ ತೊಳೆಯುವವರಿಂದ ವ್ಯವಸ್ಥಾಪಕರವರೆಗೆ ಪ್ರತಿಯೊಬ್ಬರಿಂದಲೂ ಒಂದೇ ನಮೂನೆಯ ಮುಚ್ಚಳಿಕೆ ಬರೆಸಿಕೊಳ್ಳಬೇಕು, ಅವರಲ್ಲಿ ಯಾರು ತಪ್ಪಿದರೂ ಫ್ರಾಂಚೈಸಿದಾರರೇ ಹೊಣೆ ಎನ್ನುತ್ತದೆ. ಕೆಲಸಗಾರರು ಬೇಗಬೇಗ ಬದಲಾಗುವ ಈ ಉದ್ಯಮದಲ್ಲಿ ಇದು ಕಾಗದದ ರಾಶಿಯನ್ನು ಬೆಳೆಸುತ್ತದೆಯೇ ಹೊರತು ಗುಟ್ಟನ್ನು ಕಾಯುವುದಿಲ್ಲ. ಯಾರಿಗೆ ಎಷ್ಟು ಬೇಕೋ ಅಷ್ಟನ್ನೇ ತಿಳಿಸುವುದು, ಪೂರ್ಣ ಪಾಕವನ್ನು ನೋಡುವವರಿಂದ ಮಾತ್ರ ವಿವರವಾದ ಗೋಪ್ಯತಾ ಪತ್ರ ಪಡೆಯುವುದು ಹೆಚ್ಚು ಪರಿಣಾಮಕಾರಿ. ಇನ್ನೊಂದು ಮಾತು: ಈ ಮಾದರಿಯನ್ನು ಅಮೆರಿಕಕ್ಕೂ ಹೊಂದುತ್ತದೆ ಎಂದು ಮಾರಲಾಗುತ್ತಿದೆ. ಅಲ್ಲಿನ 2016ರ ವ್ಯಾಪಾರ ರಹಸ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಕಾನೂನು ಉಲ್ಲಂಘನೆಯ ಶಂಕೆಯನ್ನು ಸರ್ಕಾರಕ್ಕೆ ಅಥವಾ ತಮ್ಮ ವಕೀಲರಿಗೆ ಗುಟ್ಟಾಗಿ ತಿಳಿಸಿದ ನೌಕರರಿಗೆ ರಕ್ಷಣೆಯಿದೆ ಎಂಬ ಸೂಚನೆ ಅವರ ಗೋಪ್ಯತಾ ಪತ್ರದಲ್ಲಿ ಇರಬೇಕು. ಅದಿಲ್ಲದಿದ್ದರೆ ಆ ನೌಕರರ ಮೇಲೆ ಹೂಡಿದ ದಾವೆಯಲ್ಲಿ ಆ ಕಾಯ್ದೆಯಡಿ ದಂಡರೂಪದ ಹೆಚ್ಚುವರಿ ಪರಿಹಾರವೂ ವಕೀಲರ ಶುಲ್ಕವೂ ಸಿಗುವುದಿಲ್ಲ. ಮಾದರಿಯ ಸಿಬ್ಬಂದಿ ಪತ್ರದಲ್ಲಿ ಆ ಸೂಚನೆಯ ಸುಳಿವಿಲ್ಲ.

ವಿನಾಯಿತಿಗಳ ಕಲಮಿನಲ್ಲಿ ರೂಢಿಯ ನಾಲ್ಕು ಸಂಗತಿಗಳು ಸರಿಯಾಗಿಯೇ ಇವೆ: ಈಗಾಗಲೇ ಸಾರ್ವಜನಿಕವಾಗಿರುವುದು, ಮೊದಲೇ ತಿಳಿದಿದ್ದದ್ದು, ಸ್ವತಂತ್ರವಾಗಿ ಕಂಡುಕೊಂಡದ್ದು, ಕಾನೂನಿನ ಆದೇಶದಂತೆ ಹೇಳಬೇಕಾದದ್ದು. ಆದರೆ ಇವು ಯಾವುದೇ ಕಾರ್ಖಾನೆಯ ಕರಾರಿನಿಂದ ಎತ್ತಿ ತಂದಂತಿವೆ. ಊಟ ಬಡಿಸುವ ವ್ಯವಹಾರಕ್ಕೆ ಬೇಕಾದ ಐದನೆಯದು ಕಾಣೆಯಾಗಿದೆ. ತಿನ್ನುವವರ ದೇಹಕ್ಕೆ ಒಗ್ಗದ ಪದಾರ್ಥಗಳ ಮಾಹಿತಿ ಅದು. ಐರೋಪ್ಯ ಒಕ್ಕೂಟದ 1169/2011ರ ನಿಯಮಾವಳಿ, 2014ರ ಡಿಸೆಂಬರ್‌ನಿಂದ, ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳ ಮಾಹಿತಿಯನ್ನು ರೆಸ್ಟೋರೆಂಟ್‌ಗಳೂ ಕೊಡಲೇಬೇಕೆಂದು ಹೇಳುತ್ತದೆ. ಅಮೆರಿಕದಲ್ಲಿ ಪೊಟ್ಟಣದ ಆಹಾರದ ಮೇಲೆ ನಮೂದಿಸಬೇಕಾದ ಮುಖ್ಯ ಅಲರ್ಜಿಕಾರಕಗಳ ಪಟ್ಟಿಗೆ 2023ರ ಜನವರಿಯಿಂದ ಎಳ್ಳು ಒಂಬತ್ತನೆಯದಾಗಿ ಸೇರಿದೆ. ಮೇಲೆ ಹೇಳಿದ ಬಿಸ್ಕತ್ತಿನ ಮೊಕದ್ದಮೆಯನ್ನು ಮತ್ತೆ ನೆನೆದರೆ ಸಮಸ್ಯೆಯ ಆಳ ಅರಿವಾಗುತ್ತದೆ. ನ್ಯಾಯಾಲಯ ರಕ್ಷಿಸಿದ ಆ ಗುಟ್ಟು ಅಕ್ರೋಟು. ಕೆಲವರಿಗೆ ಅದು ಪ್ರಾಣಾಪಾಯ ತರಬಲ್ಲದು. ಇದರಲ್ಲಿ ಅಕ್ರೋಟು ಇದೆಯೇ ಎಂದು ಗಿರಾಕಿ ಕೇಳಿದಾಗ ಬಡಿಸುವ ಹುಡುಗ ನಿಜ ಹೇಳಿದರೆ, ಈ ಮಾದರಿಯ ಅಕ್ಷರಾರ್ಥದ ಪ್ರಕಾರ ಅವನು ಮುಚ್ಚಳಿಕೆ ಮುರಿದಂತಾಗುತ್ತದೆ, ಏಕೆಂದರೆ ಗಿರಾಕಿಯ ಪ್ರಶ್ನೆ ಕಾನೂನಿನ ಆದೇಶವಲ್ಲ. ಯಾವ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಲಾರದು ಎಂದು ವಾದಿಸಬಹುದು. ಆದರೆ ಆ ಹುಡುಗ ನ್ಯಾಯಾಲಯದಲ್ಲಿ ನಿಂತಿರುವುದಿಲ್ಲ, ಮೇಜಿನ ಮುಂದೆ ನಿಂತಿರುತ್ತಾನೆ, ಅವನ ಕೈಯಲ್ಲಿ ಸಹಿ ಹಾಕಿದ ಕಾಗದವಿರುತ್ತದೆ, ಮತ್ತು ಅವನು ಹಿಂಜರಿಯುವ ಆ ಕ್ಷಣವೇ ಅಪಾಯದ ಕ್ಷಣ. ಪ್ರಮಾಣ ಮತ್ತು ವಿಧಾನ ಗೋಪ್ಯ, ಆದರೆ ಅಲರ್ಜಿಕಾರಕ ಪದಾರ್ಥ ಇದೆಯೋ ಇಲ್ಲವೋ ಎಂಬುದು ಎಂದಿಗೂ ಗೋಪ್ಯವಲ್ಲ ಎಂಬ ಒಂದೇ ವಾಕ್ಯ ಸಾಕಿತ್ತು. ಅದನ್ನು ಬರೆಯದ ರೆಸ್ಟೋರೆಂಟ್ ಕರಾರನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಫ್ರಾಂಚೈಸಿದಾರರು ತಮ್ಮ ವಕೀಲರು, ಲೆಕ್ಕಪರಿಶೋಧಕರು, ಸಾಲ ಕೊಡುವ ಬ್ಯಾಂಕು ಮತ್ತು ಮುಂದೆ ಮಳಿಗೆಯನ್ನು ಕೊಳ್ಳಲು ಬರುವವರ ಮುಂದೆ ಕರಾರನ್ನು ಇಡಲೂ ಈ ಮಾದರಿಯಲ್ಲಿ ಅವಕಾಶವಿಲ್ಲ. ಇದು ಸುಲಭವಾಗಿ ತಿದ್ದಬಹುದಾದ ಲೋಪ.

ಸುಲಭವಾಗಿ ಕ್ಷಮಿಸಲಾಗದ್ದು ಅದರ ಪಕ್ಕದಲ್ಲೇ ಇರುವ ಕಲಮು. ಕರಾರಿನ ಷರತ್ತುಗಳನ್ನೂ ಮಳಿಗೆಯ ಗಳಿಕೆಯನ್ನೂ ಮಾಲೀಕರೊಂದಿಗಿನ ಅನುಭವವನ್ನೂ ಫ್ರಾಂಚೈಸಿದಾರರು ಯಾವ ಮೂರನೆಯ ವ್ಯಕ್ತಿಯೊಂದಿಗೂ ಎಂದೆಂದಿಗೂ ಚರ್ಚಿಸಕೂಡದು ಎನ್ನುತ್ತದೆ ಅದು. ಇಲ್ಲಿ ಕಾಯುತ್ತಿರುವುದು ಪಾಕವನ್ನಲ್ಲ. ಹೊಸದಾಗಿ ಹಣ ಹೂಡಲು ಬರುವವರು ಹಳಬರನ್ನು ಕೇಳಿ ತಿಳಿಯುವ ದಾರಿಯನ್ನು ಇದು ಮುಚ್ಚುತ್ತದೆ. ಜೀವಮಾನದ ಉಳಿತಾಯವನ್ನು ಹೂಡುವವರಿಗೆ ಈಗಾಗಲೇ ಆ ಮಳಿಗೆಯನ್ನು ನಡೆಸಿದವರ ಮಾತಿಗಿಂತ ದೊಡ್ಡ ಆಧಾರ ಇನ್ನೊಂದಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಮತ್ತು ಸ್ಪರ್ಧೆಯನ್ನು ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2007ರಲ್ಲಿ ಪರಿಷ್ಕರಿಸಿದ ಫ್ರಾಂಚೈಸಿ ನಿಯಮ ಈ ಅಪಾಯವನ್ನು ಗುರುತಿಸಿದೆ. ಸಹಿಗೆ ಕನಿಷ್ಠ 14 ದಿನ ಮೊದಲು ಮಾಲೀಕರು ಹೊಸಬರಿಗೆ ಕೊಡಬೇಕಾದ, 23 ಅಂಶಗಳಿರುವ ಪ್ರಕಟಣಾ ದಾಖಲೆಯ 20ನೇ ಅಂಶದಲ್ಲಿ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ರಾಂಚೈಸಿದಾರರಿಂದ ಅನುಭವ ಹೇಳದಂತೆ ತಡೆಯುವ ಗೋಪ್ಯತಾ ಷರತ್ತಿಗೆ ಸಹಿ ಪಡೆದಿದ್ದರೆ ಆ ಸಂಗತಿಯನ್ನೇ ಬಹಿರಂಗಪಡಿಸಬೇಕು. ಫ್ರಾಂಚೈಸಿದಾರರು ಸರ್ಕಾರಿ ಸಂಸ್ಥೆಗಳಿಗೆ ದೂರು ಕೊಡುವುದನ್ನು ತಡೆಯಲು ಗೋಪ್ಯತೆಯ ಅಥವಾ ನಿಂದಿಸಬಾರದೆಂಬ ಷರತ್ತುಗಳನ್ನು ಬಳಸುವುದು ಅನ್ಯಾಯದ ವರ್ತನೆ ಎಂದು ಅದೇ ಕಮಿಷನ್ 2024ರ ಜುಲೈನಲ್ಲಿ ನೀತಿ ಹೇಳಿಕೆಯನ್ನೂ ಹೊರಡಿಸಿತು. ಕಾನೂನು ಏನೇ ಇರಲಿ, ಪಾಕವನ್ನು ಕಾಯುವ ನೆಪದಲ್ಲಿ ಮನುಷ್ಯರ ಬಾಯಿಯನ್ನು ಕಟ್ಟುವ ಈ ಕಲಮನ್ನು ಸಹಿ ಹಾಕುವ ಮುನ್ನ ತೆಗೆಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ತೆಗೆಯಲು ಒಪ್ಪದ ಮಾಲೀಕರು ಅದರಿಂದಲೇ ತಮ್ಮ ಬಗ್ಗೆ ಸಾಕಷ್ಟು ಹೇಳಿದಂತಾಗುತ್ತದೆ.

ಇದೇ ಸಂದರ್ಭದಲ್ಲಿ ಮಾದರಿಯ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಸಹಿಗೆ ಮೊದಲು ನಡೆಯುವ ಮಾತುಕತೆಗಾಗಿ ಪ್ರತ್ಯೇಕವಾದ ಚಿಕ್ಕ ಗೋಪ್ಯತಾ ಪತ್ರವೊಂದನ್ನು ಅದು ಕೊಟ್ಟಿದೆ. ಇದರಿಂದ ಆಸಕ್ತರು ಕೈಪಿಡಿಯನ್ನು ಮುಂಚಿತವಾಗಿ ನೋಡಲು ಸಾಧ್ಯವಾಗುತ್ತದೆ, ಮಾಲೀಕರಿಗೂ ಭಯವಿರುವುದಿಲ್ಲ, ವ್ಯವಹಾರ ಕುದುರದಿದ್ದರೆ ಏನು ಮಾಡಬೇಕೆಂಬುದೂ ಸ್ಪಷ್ಟವಾಗಿದೆ. ಪತ್ರದ ಭಾಷೆ ಸರಳ, ಉದ್ದ ಮಿತವಾಗಿದೆ. ಮುಖ್ಯ ಕರಾರನ್ನು ಬರೆದ ಕೈಯೇ ಇದನ್ನೂ ಬರೆದದ್ದೇ ಎಂಬಷ್ಟು ವ್ಯತ್ಯಾಸ ಎರಡರಲ್ಲೂ ಕಾಣುತ್ತದೆ.

ಅವಧಿಯ ವಿಷಯಕ್ಕೆ ಬಂದರೆ, ಕರಾರು ಮುಗಿದ ನಂತರ ಐದು ವರ್ಷ ಎಂದು ಎಲ್ಲಕ್ಕೂ ಒಂದೇ ಗಡುವನ್ನು ಹಾಕಲಾಗಿದೆ. ಮುಗಿದುಹೋದ ರಿಯಾಯಿತಿ ಯೋಜನೆಗೆ, ಹಳೆಯ ದರಪಟ್ಟಿಗೆ ಐದು ವರ್ಷ ಅನಗತ್ಯವಾದ ಭಾರ. ನಿಜವಾದ ವ್ಯಾಪಾರ ರಹಸ್ಯಕ್ಕೆ ಐದು ವರ್ಷ ಅಪಾಯಕಾರಿ, ಏಕೆಂದರೆ ಆರನೆಯ ವರ್ಷ ಅದನ್ನು ಹೊರಗೆ ಹೇಳಲು ಮಾಲೀಕರೇ ಒಪ್ಪಿಗೆ ಕೊಟ್ಟಂತಾಗಿ ಸಮಂಜಸ ಕ್ರಮಗಳ ಪರೀಕ್ಷೆಯಲ್ಲಿ ಅವರು ಸೋಲಬಹುದು. ರಹಸ್ಯಕ್ಕೆ ಅದು ರಹಸ್ಯವಾಗಿರುವವರೆಗೆ, ಉಳಿದ ಗೋಪ್ಯ ಮಾಹಿತಿಗೆ ಎರಡು ಮೂರು ವರ್ಷ ಎಂದು ಬೇರ್ಪಡಿಸಿದರೆ ಇಬ್ಬರಿಗೂ ನ್ಯಾಯ ಸಿಗುತ್ತದೆ.

ಇದಕ್ಕಿಂತ ಗಂಭೀರವಾದ ಗೊಂದಲವೊಂದು ಅದೇ ಪುಟದಲ್ಲಿದೆ. ಗೋಪ್ಯತೆಯ ಹೆಸರಿನಲ್ಲಿ, ಕರಾರು ಮುಗಿದ ಮೇಲೆ ಇದೇ ಬಗೆಯ ಜ್ಞಾನ ಬೇಕಾಗುವ ಯಾವ ಆಹಾರ ವ್ಯವಹಾರವನ್ನೂ ಮಾಡಕೂಡದು ಎಂಬ ವಾಕ್ಯವನ್ನು ನಡುವೆ ಸೇರಿಸಲಾಗಿದೆ. ಗುಟ್ಟನ್ನು ಹೇಳಬೇಡಿ ಎನ್ನುವುದು ಒಂದು, ಜೀವನೋಪಾಯವನ್ನೇ ಬಿಡಿ ಎನ್ನುವುದು ಇನ್ನೊಂದು. ಕಾನೂನು ಎರಡನ್ನೂ ಬೇರೆಬೇರೆ ಅಳತೆಗೋಲಿನಿಂದ ನೋಡುತ್ತದೆ. ಮೇಲೆ ಹೇಳಿದ 2022/720ರ ಐರೋಪ್ಯ ನಿಯಮಾವಳಿ, ಕರಾರಿನ ನಂತರದ ಸ್ಪರ್ಧಾ ನಿರ್ಬಂಧ ಕಾರ್ಯಜ್ಞಾನದ ರಕ್ಷಣೆಗೆ ಅನಿವಾರ್ಯವಾಗಿದ್ದರೆ ಮಾತ್ರ, ಅದೇ ಜಾಗಕ್ಕೆ ಸೀಮಿತವಾಗಿ, ಗರಿಷ್ಠ ಒಂದು ವರ್ಷಕ್ಕೆ ಅದಕ್ಕೆ ಸ್ಪರ್ಧಾ ಕಾನೂನಿನ ನಿಷೇಧದಿಂದ ವಿನಾಯಿತಿ ಕೊಡುತ್ತದೆ; ಸಾರ್ವಜನಿಕವಾಗದ ಕಾರ್ಯಜ್ಞಾನವನ್ನು ಬಳಸದಂತೆ, ಹೇಳದಂತೆ ತಡೆಯಲು ಮಾತ್ರ ಕಾಲಮಿತಿ ಇಲ್ಲ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಕಲಮು ವ್ಯಾಪಾರವನ್ನು ತಡೆಯುವ ಕರಾರನ್ನು ಅಸಿಂಧುಗೊಳಿಸುತ್ತದೆ. ಫ್ರಾಂಚೈಸಿ ಚಾಲ್ತಿಯಲ್ಲಿರುವಾಗಿನ ನಿರ್ಬಂಧ ಈ ಕಲಮಿಗೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಹೇಳಿದ್ದು ಕರಾರಿನ ಅವಧಿಯೊಳಗಿನ ಮಾತು. ಗೋಪ್ಯತೆಯನ್ನೂ ಸ್ಪರ್ಧಾ ನಿರ್ಬಂಧವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ, ಸ್ಪರ್ಧಾ ನಿರ್ಬಂಧ ಬಿದ್ದಾಗ ಅದರೊಂದಿಗೆ ಗೋಪ್ಯತೆಯೂ ಕುಸಿಯುವ ಭಯವಿದೆ. ಅಂದರೆ ನಷ್ಟ ಮಾಲೀಕರಿಗೇ. ವರ್ಷಗಟ್ಟಲೆ ಅಡುಗೆಮನೆಯಲ್ಲಿ ನಿಂತು ಕೈಗೆ ಬಂದ ಸಾಮಾನ್ಯ ಕೌಶಲ್ಯ ಕಲಿತವರದ್ದೇ. ನೌಕರರು ಪ್ರಾಮಾಣಿಕವಾಗಿ ಗಳಿಸಿದ ಅನುಭವ ಮತ್ತು ಕೌಶಲ್ಯದ ಬಳಕೆಗೆ ತಡೆಯಿಲ್ಲ ಎಂದು 2016ರ ಐರೋಪ್ಯ ನಿರ್ದೇಶನ ಬಿಡಿಸಿ ಹೇಳಿರುವುದು ಇದೇ ಕಾರಣಕ್ಕೆ.

ಕೊನೆಯದಾಗಿ, ಇಡೀ ಅಧ್ಯಾಯ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಫ್ರಾಂಚೈಸಿದಾರರಿಗೂ ಗುಟ್ಟುಗಳಿರುತ್ತವೆ ಎಂಬ ಕಲ್ಪನೆಯೇ ಇಲ್ಲಿಲ್ಲ. ದಿನದಿನದ ಮಾರಾಟ, ಖಾಯಂ ಗಿರಾಕಿಗಳ ವಿವರ, ವೇತನದ ಲೆಕ್ಕ ಎಲ್ಲವೂ ಬಿಲ್ಲಿಂಗ್ ಸಾಫ್ಟ್‌ವೇರಿನ ಮೂಲಕ ನೇರವಾಗಿ ಮಾಲೀಕರನ್ನು ತಲುಪುತ್ತವೆ. ಅದನ್ನು ನೋಡಿಕೊಂಡು ಪಕ್ಕದಲ್ಲೇ ತಮ್ಮದೇ ಮಳಿಗೆಯನ್ನು ತೆರೆಯುವವರನ್ನು ಯಾವ ಕಲಮೂ ತಡೆಯುವುದಿಲ್ಲ. ಇದು ಕಲ್ಪಿತ ಭಯವಲ್ಲ. ಶೆರಟಾನ್ ಹೆಸರಿನ ಫ್ರಾಂಚೈಸಿ ಪಡೆದ ಹೋಟೆಲೊಂದು, ತನ್ನ ಕೋಣೆಗಳ ಭರ್ತಿ ಮತ್ತು ದರಗಳಂಥ ಗೋಪ್ಯ ಮಾಹಿತಿಯನ್ನು ಪೈಪೋಟಿಯ ಹೋಟೆಲಿಗಾಗಿ ಬಳಸಿಕೊಳ್ಳಲಾಯಿತು ಎಂದು ದೂರಿದಾಗ, ಆ ಮಾಹಿತಿ ಫ್ರಾಂಚೈಸಿದಾರರ ವ್ಯಾಪಾರ ರಹಸ್ಯವಾಗಿರಬಹುದು, ಆ ಪ್ರಶ್ನೆಯ ವಿಚಾರಣೆ ನಡೆಯಬೇಕು ಎಂದು ಅಮೆರಿಕದ ಹನ್ನೊಂದನೇ ಸರ್ಕಿಟ್ ನ್ಯಾಯಾಲಯ 1998ರಲ್ಲಿ ಹೇಳಿತು. ಮಳಿಗೆಯ ಅಂಕಿಅಂಶಗಳನ್ನು ರಾಯಲ್ಟಿಯ ಲೆಕ್ಕಕ್ಕೆ, ಗುಣಮಟ್ಟದ ತಪಾಸಣೆಗೆ ಮತ್ತು ಹೆಸರು ತೆಗೆದ ಒಟ್ಟು ಲೆಕ್ಕಕ್ಕೆ ಮಾತ್ರ ಬಳಸಬೇಕು ಎಂಬ ಪ್ರತಿಷರತ್ತನ್ನು ಫ್ರಾಂಚೈಸಿದಾರರು ಕೇಳಿ ಪಡೆಯಬೇಕು.

ತಡೆಯಾಜ್ಞೆ, ಮೊದಲೇ ನಿಗದಿ ಮಾಡಿದ ಪರಿಹಾರ ಮುಂತಾದ ಕಲಮುಗಳು ರೂಢಿಯಂತೆಯೇ ಇವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸ್ವಂತ ವಕೀಲರಿರುವ ಬ್ರ್ಯಾಂಡ್ ಮಾಲೀಕರಿಗೆ ಈ ಮಾದರಿ ಮೊದಲ ಕರಡಾಗಿ ಉಪಯೋಗಕ್ಕೆ ಬಂದೀತು, ಅದರಲ್ಲೂ ಸಹಿಪೂರ್ವ ಪತ್ರ ಮತ್ತು ಕೈಪಿಡಿಯ ಒಡೆತನದ ಭಾಗ. ವಕೀಲರ ನೆರವಿಲ್ಲದೆ ಖಾಲಿ ಜಾಗಗಳಲ್ಲಿ ಹೆಸರು ತುಂಬಿ ಸಹಿ ಹಾಕಲು ಹೊರಟವರು ಇದನ್ನು ಕೊಳ್ಳಬಾರದು. ಈಗಾಗಲೇ ಕೊಂಡವರು ಗುಟ್ಟುಗಳ ಪಟ್ಟಿಯ ಅನುಬಂಧ, ಅಲರ್ಜಿ ಮಾಹಿತಿಯ ವಿನಾಯಿತಿ ಮತ್ತು ಅನುಭವ ಹೇಳುವ ಸ್ವಾತಂತ್ರ್ಯ, ಈ ಮೂರನ್ನು ಬರೆಸಿಕೊಳ್ಳುವವರೆಗೆ ಸಹಿಯನ್ನು ತಡೆಹಿಡಿಯಲಿ. ಮಾದರಿಯ ಜೊತೆಗಿರುವ ಬಳಕೆಯ ಸೂಚನೆಗಳಲ್ಲಿ ಗೋಪ್ಯತಾ ಅಧ್ಯಾಯಕ್ಕೆ ಸಾಮಾನ್ಯವಾಗಿ ತಿದ್ದುಪಡಿ ಬೇಕಾಗುವುದಿಲ್ಲ ಎಂದು ಬರೆದಿದೆ. ಮುಂದಿನ ಆವೃತ್ತಿಯಲ್ಲಿ ಆ ಸೂಚನೆಯನ್ನು ತೆಗೆದುಹಾಕಬೇಕೆಂದು ಸೇವೆಯವರಿಗೆ ಬರೆದು ತಿಳಿಸಿದ್ದೇನೆ.